ಮುರಿದ ಮೂಳೆಗೂ ರಾಗಿಸರಿ

ಗಂಗಾನಗರದಲ್ಲಿ ಸೊಂಟದ ಮೂಳೆ ಮುರಿದು ಮಲಗಿದ ವೃದ್ಧೆಯರನ್ನು ಸಂದರ್ಶಿಸಲು ಹೋದಾಗ ಅವರ ಬಳಿ ನಾವು ಕಾಣುವುದು ಬಹುಪಾಲು ಅಕ್ಕಿಗಂಜಿಯನ್ನೇ. ಗಂಜಿ ಹಗುರವೇನೋ ನಿಜ. ಆದರೆ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ಅಷ್ಟೇ ರಾಗಿಯಲ್ಲಿ 340ಕ್ಕೂ ಮಿಗಿಲು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಆಹಾರದಿಂದ ಅದು ದೊರೆಯದಿದ್ದರೆ ದೇಹವು ರಕ್ತದ ಅಗತ್ಯಕ್ಕಾಗಿ ಮೂಳೆಯನ್ನೇ ಕರಗಿಸುತ್ತದೆ. ಕೂಡಬೇಕಾದ ಮೂಳೆ ಮತ್ತಷ್ಟು ಬಡವಾಗುತ್ತದೆ.

ಮಕ್ಕಳಿಗೆಂದು ಮೊಳಕೆ ಬರಿಸಿ ಮಾಡುವ ರಾಗಿಸರಿಯನ್ನು ಹಾಲಿನಲ್ಲಿ ಕಾಯಿಸಿ ಅಜ್ಜಿಗೂ ಕೊಡಬಾರದೇಕೆ? ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಫೈಟೇಟ್ ಅಂಶ ಮೊಳಕೆಯಿಂದ ತಗ್ಗುತ್ತದೆ. (ರಾಗಿ ಬಡವರ ಊಟವೆಂಬ ಸಂಕೋಚ ನಮ್ಮ ನಗರದವರಿಗೆ ಎಲ್ಲಿಂದ ಬಂದಿತೋ!) ಆದರೆ ಬಿಸಿಲು ಕಾಣದ ಕೋಣೆಯಲ್ಲಿ ಡಿ ಜೀವಸತ್ವ ಕುಂದಿ, ಉಂಡದ್ದೂ ರಕ್ತಕ್ಕೆ ಸರಿಯಾಗಿ ಸೇರದು. ಮೂಳೆಸವೆತಕ್ಕೆ ವೈದ್ಯರು ಬರೆದ ಮಾತ್ರೆಗಳನ್ನು ರಾಗಿಯ ಭರವಸೆಯಿಂದ ನಿಲ್ಲಿಸಲೂ ಆಗದು.