ಪೋಲ್ ಡ್ಯಾನ್ಸ್: ಕಂಬಕ್ಕಿಂತ ಮೊದಲು ಭುಜ

ಮಹಾಪೆಯ ಆಫೀಸಲ್ಲಿ ದಿನವಿಡೀ ಬಗ್ಗಿ ಕೂರೋ ನಾವು ಪೋಲ್ ಡ್ಯಾನ್ಸ್‌ಗೆ ಮೊದಲು ಗಟ್ಟಿ ಮಾಡ್ಕೋಬೇಕಾದ್ದು ಭುಜ. ಜಿಮ್ ಬಾರ್‌ಗೆ ಜೋತುಬಿದ್ದು, ಮೊಣಕೈ ಮಡಚದೆ, ಭುಜವನ್ನ ಕಿವಿಯಿಂದ ಕೆಳಕ್ಕೆಳೆದು 5 ಸೆಕೆಂಡ್ ಹಿಡಿಯಿರಿ. ಇದು ಸಲೀಸಾದ ಮೇಲೆ ಕಂಬ. ತಲೆಕೆಳಗಾಗುವಾಗ ಜಿಗಿಯಬೇಡಿ, ಹೊಟ್ಟೆಯ ಬಲದಿಂದ ನಿಧಾನವಾಗಿ ಕಾಲೆತ್ತಿ.

ನಮ್ಮ ಲಕ್ಷ್ಮೇಶ್ವರದ ಹುಡುಗರು ಆಡೋ ಮಲ್ಲಕಂಬ ಮರದ್ದು, ಅದಕ್ಕೆ ಹರಳೆಣ್ಣೆ ಹಚ್ತಾರೆ. ಇಲ್ಲಿ ಉಲ್ಟಾ: ಲೋಹದ ಕಂಬವನ್ನ ಹಿಡಿಯೋದು ಬರಿ ಚರ್ಮ. ಅವತ್ತು ಎಣ್ಣೆ, ಲೋಷನ್ ಬೇಡ.

ಮನೆಗೆ 45 ಮಿ.ಮೀ. ಕಂಬ ಸಾಕು. ಸ್ಕ್ರೂ ಇಲ್ಲದೆ ಒತ್ತಡದಲ್ಲಿ ನಿಲ್ಲೋದು ಬಾಡಿಗೆ ಮನೆಗೆ ಅನುಕೂಲ. ಆದರೆ ಅದರ ತುದಿ ಕಾಂಕ್ರೀಟ್ ಸ್ಲ್ಯಾಬ್‌ಗೇ ತಾಗಬೇಕು. ಫಾಲ್ಸ್ ಸೀಲಿಂಗ್‌ಗೆ ಕೊಟ್ಟರೆ ಕಂಬದ ಜೊತೆ ನೀವೂ ಕೆಳಗೆ! ಅಡಿಗೆ ದಪ್ಪ ಮ್ಯಾಟ್ ಹಾಕಿ. ಭುಜ ನೋವಾದರೆ ಅವತ್ತಿಗೆ ಇಳಿದುಬಿಡಿ.