ಉದ್ಯೋಗಕ್ಕಾಗಿ ಹೊರದೇಶಕ್ಕೆ: ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಮಗನಿಗೋ ಮಗಳಿಗೋ ಹೊರದೇಶದಲ್ಲಿ ಕೆಲಸ ಸಿಕ್ಕಿತೆಂದರೆ ಮನೆಯಲ್ಲಿ ಸಂತೋಷದ ಜೊತೆಗೆ ಚಿಂತೆಯೂ ಹುಟ್ಟುತ್ತದೆ. ಅಲ್ಲಿ ಊಟಕ್ಕೆ ಏನು, ಸೂರ್ಯಾಸ್ತದೊಳಗೆ ಊಟ ಮುಗಿಸಲು ಆಗುತ್ತದೆಯೇ, ಹತ್ತಿರದಲ್ಲಿ ಬಸದಿ ಇದೆಯೇ ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಗಳು ಹೊಸವಲ್ಲ. ನೂರು ವರ್ಷಗಳಿಗೂ ಹಿಂದೆ ಸಮುದ್ರ ದಾಟಿದ ಜೈನರ ಮುಂದೆಯೂ ಇವೇ ಪ್ರಶ್ನೆಗಳಿದ್ದವು.

ಹಿಂದೆ ಹೋದವರ ಅನುಭವ

ಗುಜರಾತಿನ ಜಾಮ್‌ನಗರದ ಸುತ್ತಲಿನ ಹಾಲಾರ ಪ್ರದೇಶದ ಓಸವಾಲ ಜೈನರು 19ನೇ ಶತಮಾನದ ಕೊನೆಯ ವೇಳೆಗೆ ಹಾಯಿಹಡಗು ಹತ್ತಿ ಪೂರ್ವ ಆಫ್ರಿಕಾದ ಮೊಂಬಾಸಾಕ್ಕೆ ಹೋಗತೊಡಗಿದರು. ಮಳೆಯಿಲ್ಲದೆ ಬೇಸಾಯ ಕೈಕೊಟ್ಟಿತ್ತು. ಮೊದಲು ಅಂಗಡಿಗಳಲ್ಲಿ ದುಡಿದು, ಆಮೇಲೆ ಸ್ವಂತ ವ್ಯಾಪಾರ ಹಿಡಿದರು. ಮೊಂಬಾಸಾ, ನೈರೋಬಿಗಳಲ್ಲಿ ಜಿನಮಂದಿರ, ಶಾಲೆಗಳನ್ನು ಕಟ್ಟಿದರು.

1963ರಲ್ಲಿ ಕೀನ್ಯಾ ಸ್ವತಂತ್ರವಾಯಿತು. ಅಲ್ಲಿನ ಪೌರತ್ವ ಪಡೆಯದೆ ಉಳಿದವರಿಗೆ 1967ರ ಕಾನೂನುಗಳಿಂದ ಕೆಲಸಕ್ಕೂ ವ್ಯಾಪಾರಕ್ಕೂ ತೊಡಕಾಯಿತು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ನಿಗೆ ಹೊರಟರೆ, 1968ರಲ್ಲಿ ಆ ದೇಶವೂ ಪ್ರವೇಶವನ್ನು ಬಿಗಿ ಮಾಡಿತು. 1972ರಲ್ಲಿ ಉಗಾಂಡಾದ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು ಕೊಟ್ಟದ್ದು 90 ದಿನ ಮಾತ್ರ. ಎರಡು ಮೂರು ತಲೆಮಾರು ದುಡಿದು ಗಳಿಸಿದ್ದನ್ನು ಬಿಟ್ಟು ಹೋಗಬೇಕಾದ ಕುಟುಂಬಗಳು ಅನೇಕ.

ಹೀಗೆ ಬಂದವರಲ್ಲಿ ಹಲವರು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿದರು. ಅಲ್ಲಿ ಹಳೆಯ ಚರ್ಚ್ ಕಟ್ಟಡವೊಂದು ಜಿನಮಂದಿರವಾಗಿ 1988ರಲ್ಲಿ ಪ್ರತಿಷ್ಠೆಗೊಂಡಿತು. ಒಂದೇ ಸೂರಿನಡಿ ಶ್ವೇತಾಂಬರ, ದಿಗಂಬರ ಎರಡೂ ಪಂಥಗಳಿಗೆ ಅವಕಾಶವಿರುವುದು ಅದರ ವಿಶೇಷ. ಹೊಸ ನೆಲದಲ್ಲಿ ಬೇರೂರಲು ಒಗ್ಗಟ್ಟು ಬೇಕು, ಕಾಗದಪತ್ರ ಸರಿಯಿರಬೇಕು ಎಂಬ ಎರಡು ಪಾಠಗಳು ಈ ಚರಿತ್ರೆಯಲ್ಲಿವೆ.

ಹೊರಡುವ ಮುನ್ನ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಮಲೇಷ್ಯಾ ಸೇರಿ ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರನ್ನೂ, "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲಿ ಮಾಡಿಸೋಣ" ಎನ್ನುವವರನ್ನೂ ನಂಬಿ ಹಣ ಕೊಡಬಾರದು.

ಊಟದ ಮಾತು

ವಿಮಾನದಲ್ಲಿ ಜೈನ ಊಟಕ್ಕೆ ವಿಜೆಎಂಎಲ್ ಎಂಬ ಸಂಕೇತವಿದೆ. ಟಿಕೆಟ್ ಮಾಡಿಸುವಾಗಲೇ ಇದನ್ನು ನಮೂದಿಸುವುದು ಒಳ್ಳೆಯದು. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಗೆ ಒಯ್ಯಲು ನಿರ್ಬಂಧವಿದೆ. ಆಸ್ಟ್ರೇಲಿಯಾದಲ್ಲಿ ತಿಂಡಿಯ ಪೊಟ್ಟಣಗಳನ್ನೆಲ್ಲ ಘೋಷಿಸದಿದ್ದರೆ ದಂಡ ಬೀಳಬಹುದು.

ನಮ್ಮಲ್ಲಿರುವ ಹಸಿರು ಚುಕ್ಕೆ ಅಲ್ಲಿ ಇರುವುದಿಲ್ಲ. "ವೆಜಿಟೇರಿಯನ್" ಎಂದು ಬರೆದಿದ್ದರೂ ಅದರಲ್ಲಿ ಮೊಟ್ಟೆ ಇರಬಹುದು. "ವೀಗನ್" ಎಂದರೆ ಮೊಟ್ಟೆ, ಹಾಲು, ಜೇನು ಇಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರಬಹುದು. ಕೆಲವು ಚೀಸ್‌ಗಳಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್, ಮಿಠಾಯಿ ಮತ್ತು ಕೆಲವು ಮೊಸರುಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಸೇರಿರುತ್ತವೆ. ಇ120 ಎಂಬುದು ಕೀಟಗಳಿಂದ ತೆಗೆದ ಕೆಂಪು ಬಣ್ಣ, ಇ904 ಅರಗು. ಪೊಟ್ಟಣದ ಹಿಂಬದಿ ಓದುವ ಅಭ್ಯಾಸವೂ, ಅನ್ನ, ಬೇಳೆಸಾರು, ಒಂದೆರಡು ಪಲ್ಯ ಮಾಡಲು ಬರುವುದೂ ಹೊರಡುವ ಮಕ್ಕಳಿಗೆ ದೊಡ್ಡ ಆಸರೆ.

ಸೂರ್ಯಾಸ್ತದ ಲೆಕ್ಕ

ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸುಮಾರು 5.50ರಿಂದ 6.50ರ ಒಳಗೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ರಾತ್ರಿ 9.20ರ ಹೊತ್ತಿಗೆ, ಡಿಸೆಂಬರ್‌ನಲ್ಲಿ ಸಂಜೆ 3.50ರ ಹೊತ್ತಿಗೇ. ಬೇಸಿಗೆಯಲ್ಲಿ ರಾತ್ರಿಭೋಜನ ತ್ಯಾಗ ಕಷ್ಟವಲ್ಲ. ಕಷ್ಟ ಬರುವುದು ಚಳಿಗಾಲದಲ್ಲಿ. ಎರಡು ಡಬ್ಬಿ ಒಯ್ದು, ಮಧ್ಯಾಹ್ನ ಒಂದು, ಮೂರೂವರೆಯ ವಿರಾಮದಲ್ಲಿ ಇನ್ನೊಂದು ಊಟ ಮಾಡುವುದು ಒಂದು ದಾರಿ. ಕಚೇರಿಯಲ್ಲಿ ಮೊದಲೇ ಕಾರಣ ತಿಳಿಸಿ ಆ ಹೊತ್ತಿಗೆ ವಿರಾಮ ಕೇಳಬೇಕು. ಎಲ್ಲ ದಿನ ಸಾಧ್ಯವಾಗದವರು ಅಷ್ಟಮಿ, ಚತುರ್ದಶಿ, ಪರ್ವದ ದಿನಗಳಲ್ಲಾದರೂ ನಿಯಮ ಇಟ್ಟುಕೊಳ್ಳಬಹುದು.

ಸಮಾಜದ ಆಸರೆ

ಹೊರದೇಶದ ಜಿನಮಂದಿರಗಳಲ್ಲಿ ಹೆಚ್ಚಿನವರು ಗುಜರಾತಿ ಮಾತಾಡುವ ಶ್ವೇತಾಂಬರರು. ಕರ್ನಾಟಕದ ದಿಗಂಬರ ಮನೆಯಿಂದ ಹೋದವರಿಗೆ ಮೂರ್ತಿಯ ಅಲಂಕಾರ, ಪೂಜಾಕ್ರಮ, ಭಾಷೆ ಎಲ್ಲವೂ ಹೊಸದೆನಿಸುತ್ತವೆ. ಇದು ತನ್ನದಲ್ಲವೆಂದು ದೂರ ಉಳಿದರೆ ಒಂಟಿತನ ಹೆಚ್ಚುತ್ತದೆ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ ಜೈನಾ 1981ರಲ್ಲಿ ಸ್ಥಾಪನೆಯಾಯಿತು. ಅಲ್ಲಿನ ಅನೇಕ ಕೇಂದ್ರಗಳಲ್ಲಿ ಶ್ವೇತಾಂಬರರ ಎಂಟು ದಿನಗಳ ಪರ್ಯುಷಣ, ದಿಗಂಬರರ ಹತ್ತು ದಿನಗಳ ದಶಲಕ್ಷಣ ಪರ್ವ ಎರಡೂ ನಡೆಯುತ್ತವೆ. ಣಮೋಕಾರ ಮಂತ್ರ ಎಲ್ಲರಿಗೂ ಒಂದೇ. ಮಕ್ಕಳಿರುವವರು ವಾರಾಂತ್ಯದ ಪಾಠಶಾಲೆಯನ್ನು ತಪ್ಪಿಸಬಾರದು. ಕನ್ನಡವನ್ನು ಮಾತ್ರ ಮನೆಯಲ್ಲೇ ಕಲಿಸಬೇಕು.

ಊರಿನ ಆಸ್ತಿ

ಅನಿವಾಸಿಯಾದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅನಿವಾಸಿ ಭಾರತೀಯರು ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ. ಮೊದಲೇ ತಮ್ಮ ಹೆಸರಿನಲ್ಲಿರುವ ಅಥವಾ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಭಾಗಪತ್ರ, ಖಾತೆ, ಪಹಣಿಗಳನ್ನು ಹೊರಡುವ ಮೊದಲೇ ಸರಿಮಾಡಿಕೊಳ್ಳುವುದು ಜಾಣತನ.

ಕೊನೆಯದಾಗಿ, ಮನೆಯಲ್ಲಿ ಉಳಿಯುವ ತಂದೆತಾಯಿಯರ ವಿಷಯ. ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಬಸದಿಯ ಪೂಜೆಯ ಸರದಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ವಿಮಾನ ಹತ್ತುವ ಮುನ್ನ ಎಲ್ಲರೂ ಕುಳಿತು ಮಾತಾಡಿರಬೇಕು. ತಿಂಗಳಿಗೊಮ್ಮೆ ಹಣ ಬಂದರೂ, ದಿನಕ್ಕೊಮ್ಮೆ ಬಂದು ಬಾಗಿಲು ತಟ್ಟಿ ವಿಚಾರಿಸುವ ಒಬ್ಬರು ಊರಿನಲ್ಲಿ ಬೇಕೇ ಬೇಕು.