ಬೆಟ್ಟದ ಮುಂದೆ ಹದಿನೈದು ಮಹಡಿ

ಬೆಂಗಳೂರಿನ ಕಬ್ಬನ್ ಪಾರ್ಕಿನ ಮರಗಳ ಮೇಲೆ ಕಣ್ಣು ಹಾಯಿಸಿದರೆ ಕಿಂಗ್‌ಫಿಷರ್ ಟವರ್ಸ್ ಕಾಣುತ್ತದೆ. ಮೂವತ್ತನಾಲ್ಕು ಮಹಡಿ, ಅದರ ನೆತ್ತಿಯ ಮೇಲೊಂದು ಬಿಳಿ ಬಂಗಲೆ. ಮಲ್ಯ ಕುಟುಂಬದ ಹಳೆಯ ಮನೆ ಇದ್ದ ಜಾಗವದು. ರಾಜಧಾನಿಯ ಎತ್ತರದ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆದವರಲ್ಲಿ, ಜಲ್ಲಿ ಹೊತ್ತವರಲ್ಲಿ ಪಾವಗಡ, ಶಿರಾ, ಮಧುಗಿರಿ ಕಡೆಯವರೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು ಈ ತಾಲ್ಲೂಕುಗಳ ಹಳೆಯ ಪಾಡು.

ಈಗ ಬೆಂಗಳೂರೇ ಈ ಕಡೆಗೆ ಬರುತ್ತಿದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಪೋಣಿಸಿಕೊಂಡು ಹೋಗುವ ಮಾರ್ಗ. ಎರಡನೇ ವಿಮಾನ ನಿಲ್ದಾಣ ಶಿರಾ ಸೀಮೆಗೇ ಬರಲಿ ಎಂಬ ಬೇಡಿಕೆ ಎದ್ದಿದೆ. ಇಂಥ ಒಂದೊಂದು ಸುದ್ದಿಗೂ ಸೈಟಿನ ಬೆಲೆ ಏರುತ್ತದೆ. ಬೆಲೆ ಏರಿದ ನೆಲದ ಮೇಲೆ ಮಹಡಿಗಳೂ ಏರುತ್ತವೆ. ಈ ಸೀಮೆಯ ಹಳೆಯ ಕೋಟೆಗಳ ಪಕ್ಕ ಎಷ್ಟು ಎತ್ತರ ಕಟ್ಟಬಹುದು ಎಂಬ ಪ್ರಶ್ನೆಯನ್ನು, ಆ ಎತ್ತರ ಇನ್ನೂ ಬಂದಿಲ್ಲದ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಧುಗಿರಿಯಲ್ಲಿ ಈ ಮಾತು ತೆಗೆದರೆ ಥಟ್ಟನೆ ಬರಬಹುದಾದ ಉತ್ತರ ಒಂದಿದೆ: ಅಷ್ಟು ದೊಡ್ಡ ಬೆಟ್ಟವನ್ನು ಯಾವ ಬಿಲ್ಡಿಂಗ್ ಮುಚ್ಚೀತು? ಅದರಲ್ಲಿ ಹೆಮ್ಮೆಯೂ ಇದೆ, ನಿಜವೂ ಇದೆ. ಏಕಶಿಲಾ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಊರಿನ ನೆಲದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 400 ಮೀಟರ್. ಹದಿನೈದು ಮಹಡಿಯ ಕಟ್ಟಡ 45 ಮೀಟರ್ ಮುಟ್ಟಬಹುದು, ಅಷ್ಟೇ. ಆದರೆ ಕಣ್ಣಿನ ಲೆಕ್ಕ ಬೇರೆ. ಬೆಟ್ಟದಿಂದ ಒಂದು ಕಿಲೋಮೀಟರ್ ಈಚೆ ರಸ್ತೆಯಲ್ಲಿ ನಿಂತವರ ಎದುರು, ನೂರು ಮೀಟರ್ ದೂರದಲ್ಲಿ ಆ ಹದಿನೈದು ಮಹಡಿ ಎದ್ದಿತೆನ್ನಿ. ನೂರು ಮೀಟರಿಗೆ 45 ಎಂದರೆ ಸಾವಿರ ಮೀಟರಿಗೆ 450. ಬೆಟ್ಟ ಇರುವುದು 400. ತುದಿಯ ಸಮೇತ ಮರೆಯಾಯಿತು. ಶಾಲೆಯ ಮಕ್ಕಳೂ ಮಾಡಬಹುದಾದ ತ್ರೈರಾಶಿ ಇದು.

ಈ ಬೆಟ್ಟದ ವಿಷಯದಲ್ಲಿ ಕಾಣುವುದೇ ಮುಖ್ಯ. ಪಾಳೆಯಗಾರರ ಕಾಲದಿಂದ ಹೈದರಾಲಿಯವರೆಗೆ ಬಂದವರೆಲ್ಲ ಈ ಬಂಡೆಯ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಕೋಟೆ ಬೆಳೆಸಿದ್ದು ದೂರಕ್ಕೆ ನೋಡಲು, ದೂರದವರಿಗೆ ಕಂಡು ಎದೆ ನಡುಗಿಸಲು. 1678ರಲ್ಲಿ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದುಕೊಂಡರು. 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರ್ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಆಕೆಯನ್ನು ಬಿಡಿಸಿದ. ಕೆಳಗೆ ಊರೊಳಗೆ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳಿವೆ, ಜೈನ ಬಸದಿಯಿದೆ. ಇವುಗಳ ಗೋಪುರ, ಹಿಂದೆ ಆ ಬೋಳು ಬಂಡೆ, ಅದರ ಮೈಮೇಲೆ ಹರಿದ ಕೋಟೆ ಗೋಡೆ: ಇಷ್ಟೂ ಒಟ್ಟಿಗೆ ಕಂಡರೇ ಮಧುಗಿರಿ. ಒಂದನ್ನು ಉಳಿಸಿ ಇನ್ನೊಂದಕ್ಕೆ ಕಟ್ಟಡವನ್ನು ಅಡ್ಡ ನಿಲ್ಲಿಸಿದರೆ ಉಳಿಸಿದಂತಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ? 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮುನ್ನೂರು ಮೀಟರ್ ದಾಟಿದರೆ ಆ ಕಾಯ್ದೆಯ ಕೈ ಅಲ್ಲಿಗೆ ನಿಂತಿತು. ಅಳತೆ ಹಗ್ಗದ್ದು, ಕಣ್ಣಿನದಲ್ಲ. ಮೈಲುಗಟ್ಟಲೆ ದೂರಕ್ಕೆ ಕಾಣುವ ಬೆಟ್ಟಕ್ಕೆ ಮುನ್ನೂರು ಮೀಟರಿನ ರಕ್ಷಣೆ ಎಲ್ಲಿ ಸಾಕಾದೀತು?

ಶಿರಾದಲ್ಲಿ ಕಷ್ಟ ತಿರುವುಮುರುವು. ಅಲ್ಲಿ ಬೆಟ್ಟವಿಲ್ಲ, ಬಯಲು. ಒಂದು ಕಾಲಕ್ಕೆ ಊರನ್ನಾಳಿದ ಮಲಿಕ್ ರಿಹಾನನ ಗೋರಿಯ ಗುಮ್ಮಟ, 1696ರ ಜುಮ್ಮಾ ಮಸೀದಿಯ ಮಿನಾರುಗಳು, ಕಂದಕ ಸುತ್ತಿದ ಕೋಟೆ, ಇವೇ ಅಲ್ಲಿನ ಎತ್ತರ. ಹದಿನೈದು ಮಹಡಿ ಬೇಡ, ಐದು ಮಹಡಿ ಸಾಕು ಅವನ್ನು ಕುಬ್ಜ ಮಾಡಲು. 1687ರಿಂದ ಎಪ್ಪತ್ತು ವರ್ಷ ಮೊಘಲರ ಸುಬಾದ ರಾಜಧಾನಿಯಾಗಿದ್ದ ಊರು ಅದು. ಅಲ್ಲಿದ್ದ ಖಾನ್ ಬಾಗ್ ನೋಡಿಯೇ ಲಾಲ್‌ಬಾಗಿನ ಕನಸು ಹುಟ್ಟಿತೆಂಬ ಮಾತಿದೆ. ಟಿಪ್ಪು ಶ್ರೀರಂಗಪಟ್ಟಣದ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಒಕ್ಕಲೆಬ್ಬಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಒಮ್ಮೆ ಬರಿದಾಗಿ ಮತ್ತೆ ತುಂಬಿಕೊಂಡ ಊರಿನ ಜನರಿಗೆ ಈಗ ‘ನೀವು ಬೆಳೆಯಬೇಡಿ’ ಎನ್ನುವುದು ಸುಲಭವಲ್ಲ, ನ್ಯಾಯವೂ ಅಲ್ಲ.

ಸ್ಮಾರಕದ ನೆರೆಯಲ್ಲಿ ಬಾಳುವವರ ಸಂಕಟವನ್ನು ಇತಿಹಾಸ ಪ್ರೇಮಿಗಳು ಕೇಳಿಸಿಕೊಳ್ಳಬೇಕು. ನೂರು ಮೀಟರಿನೊಳಗೆ ಮನೆಯಿದ್ದರೆ ರಿಪೇರಿಗೂ ಅನುಮತಿ ಬೇಕು. ಮಗನಿಗೆ ಮದುವೆಯಾಯಿತು, ಮೇಲೊಂದು ಕೋಣೆ ಹಾಕಿಕೊಳ್ಳೋಣವೆಂದರೆ ಆಗದು. ವಿಜಯಪುರದಲ್ಲಂತೂ ಊರ ತುಂಬ ಸ್ಮಾರಕಗಳಿರುವುದರಿಂದ ಇದು ಓಣಿ ಓಣಿಯ ಗೋಳು. ಹಂಪಿಯ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಅಂಗಡಿ ಮನೆಗಳನ್ನು 2011ರಲ್ಲಿ ತೆರವು ಮಾಡಿದ್ದು ಇನ್ನೂ ಮಾಗದ ಗಾಯ. ಬಡವನ ಒಂದು ಕೋಣೆಗೆ ತಡೆ, ಮುನ್ನೂರ ಒಂದನೇ ಮೀಟರಿನಲ್ಲಿ ಬಿಲ್ಡರನ ಇಪ್ಪತ್ತು ಮಹಡಿಗೆ ದಾರಿ ಎಂಬಂತಾದರೆ ಜನ ಸ್ಮಾರಕದ ಮೇಲೇ ಮುನಿಯುತ್ತಾರೆ. ಆ ಮುನಿಸಿಗೆ ನನ್ನಲ್ಲಿ ಉತ್ತರವಿಲ್ಲ, ಅದು ಸರಿಯಾದ ಮುನಿಸು.

ಹಾಗೆಯೇ ಊರಿನ ಹುಡುಗರ ಮಾತು. ಬೆಂಗಳೂರಿನಲ್ಲಿ ಲಿಫ್ಟಿನ ಮನೆ ಕಟ್ಟಿ ಬಂದವನು ತನ್ನೂರಲ್ಲೂ ಅಂಥ ಮನೆ ಇರಲಿ ಎಂದರೆ ತಪ್ಪೇನು? ತಪ್ಪಿಲ್ಲ. ಆದರೆ ಮಧುಗಿರಿಯ ಸುತ್ತ ಬಯಲಿಗೆ ಬರವಿಲ್ಲ. ಎತ್ತರ ಬೇಕಾದರೆ ಬೆಟ್ಟಕ್ಕೆ ಅಡ್ಡ ಬಾರದ ದಿಕ್ಕಿನಲ್ಲಿ ಕಟ್ಟಬಹುದು. ಕೊರಟಗೆರೆ ಕಡೆಯಿಂದ ಬರುವಾಗ ಚನ್ನರಾಯನದುರ್ಗ, ಆಮೇಲೆ ಮಧುಗಿರಿ, ಮುಂದೆ ಮಿಡಿಗೇಶಿ, ಪಾವಗಡದ ಆಚೆ ನಿಡುಗಲ್ಲು. ಈ ದಾರಿಯಲ್ಲಿ ದುರ್ಗದ ಹಿಂದೆ ದುರ್ಗ ಬರುತ್ತಲೇ ಇರುತ್ತದೆ. ಎಲ್ಲೆಲ್ಲಿಂದ ಯಾವ ಬೆಟ್ಟ ಕಾಣಬೇಕು ಎಂದು ಮೊದಲು ಗುರುತಿಸಿ, ಆ ನೋಟದ ಗೆರೆಗಳ ಕೆಳಗೆ ಎತ್ತರದ ಮಿತಿ ಹಾಕಿದರೆ ಮಿಕ್ಕ ಜಾಗ ಮುಕ್ತ.

ವಿಯೆನ್ನಾದವರಿಗೆ ಈ ಬುದ್ಧಿ ತಡವಾಗಿ ಬಂತು. ಬೆಲ್ವೆಡೇರ್ ಅರಮನೆಯಿಂದ ಹಳೆಯ ನಗರದ ಕಡೆಗಿನ ನೋಟವನ್ನು ಹದಿನೆಂಟನೇ ಶತಮಾನದ ಚಿತ್ರಕಾರ ಬೆಲ್ಲೊಟ್ಟೊ ಬರೆದಿಟ್ಟಿದ್ದ. ಅದೇ ನೋಟದೊಳಗೆ ಹೊಯ್‌ಮಾರ್ಕ್ಟ್‌ನಲ್ಲಿ ವಸತಿ ಗೋಪುರ ಕಟ್ಟಲು ಹೊರಟಾಗ ಊರು ಎರಡು ಪಾಲಾಯಿತು, ಯುನೆಸ್ಕೊ 2017ರಲ್ಲಿ ವಿಯೆನ್ನಾದ ಹಳೆಯ ನಗರವನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ಯಾರಿಸ್ ಇನ್ನೂ ಹಿಂದೆ ಪಾಠ ಕಲಿತದ್ದು: 1973ರಲ್ಲಿ 210 ಮೀಟರಿನ ಮೊಂಪಾರ್ನಾಸ್ ಗೋಪುರ ಎದ್ದಿತು, ಜನ ಸಿಡಿದರು, 1977ರಲ್ಲಿ ಎತ್ತರದ ಮಿತಿಯನ್ನು 37 ಮೀಟರಿಗೆ ಇಳಿಸಲಾಯಿತು. ಗೋಪುರ ಮಾತ್ರ ಅಲ್ಲೇ ಉಳಿಯಿತು.

ಪಾವಗಡದವರಿಗೆ ಭೂದೃಶ್ಯ ಬದಲಾಗುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದದ್ದನ್ನು ಅವರು ಕಂಡಿದ್ದಾರೆ. ಅಲ್ಲಿ ರೈತರ ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಒಪ್ಪುವ ಮೊದಲು ಕೂತು ಮಾತಾಡುವ ಅವಕಾಶ ಹಿಡುವಳಿದಾರರಿಗಾದರೂ ಇತ್ತು. ಪೇಟೆಯ ಎತ್ತರದ ವಿಷಯದಲ್ಲಿ ಅಷ್ಟೂ ಇರುವುದಿಲ್ಲ. ಪ್ಲಾನ್ ಮಂಜೂರಾಗಿ ಬೋರ್ಡು ನೆಟ್ಟ ಮೇಲೆ ಊರಿಗೆ ಗೊತ್ತಾಗುತ್ತದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪಾರಂಪರಿಕ ಪ್ರದೇಶ ಗುರುತಿಸಲು ಅವಕಾಶವಿದೆ. ಮಹಾಯೋಜನೆಯ ಕರಡು ಬಂದಾಗ ಸಾರ್ವಜನಿಕರ ಆಕ್ಷೇಪಣೆಯನ್ನೂ ಕರೆಯಬೇಕು. ಆ ಪ್ರಕಟಣೆ ಪತ್ರಿಕೆಯ ಒಳಪುಟದ ಸಣ್ಣಕ್ಷರದಲ್ಲಿ ಮುಗಿಯದಿರಲಿ. ಎತ್ತರದ ಮಿತಿ ತೋರಿಸುವ ನಕ್ಷೆಯನ್ನು ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ, ಪುರಸಭೆಯ ಬಾಗಿಲಲ್ಲಿ, ಶನಿವಾರ ಜನ ಸೇರುವ ಪಾವಗಡದ ಶನಿಮಹಾತ್ಮ ದೇವಸ್ಥಾನದ ಮುಂದೆ ದೊಡ್ಡದಾಗಿ ತೂಗುಹಾಕಲಿ. ಶಿರಾದಲ್ಲಿ ಮಲಿಕ್ ರಿಹಾನನ ಗೋರಿಯ ಪಕ್ಕದ ಮನೆಯವರ ಅಭಿಪ್ರಾಯವನ್ನು ಮೊದಲು ಕೇಳಲಿ, ಅವರ ರಿಪೇರಿ ಅರ್ಜಿಗಳಿಗೆ ತಾಲ್ಲೂಕಿನಲ್ಲೇ ಒಂದು ಕಿಟಕಿ ತೆರೆಯಲಿ.